ಬ್ರಿಟಿಷರು ಬಿಟ್ಟುಹೋದ ಮೇಲ್ಮಹಡಿ

ಮೇಲ್ಮನೆ ಬೇಡವೇ ಬೇಡ ಎಂದು ಹಟ ಹಿಡಿದವರನ್ನು ಸುಮ್ಮನಾಗಿಸಲು ಒಂದೇ ಮದ್ದು: ಅಲ್ಲಿ ಅವರಿಗೆ ಬಹುಮತ ಬರುವ ತನಕ ಕಾಯುವುದು.

ಪಕ್ಕದ ಆಂಧ್ರವನ್ನೇ ನೋಡಿ. 1985ರಲ್ಲಿ ಎನ್.ಟಿ. ರಾಮರಾವ್ ವಿಧಾನ ಪರಿಷತ್ತಿಗೆ ಬೀಗ ಹಾಕಿಸಿದರು. 2007ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಬೀಗ ತೆಗೆಸಿದರು. 2020ರ ಜನವರಿಯಲ್ಲಿ ಅವರ ಮಗ ಜಗನ್ ತಂದ ಮೂರು ರಾಜಧಾನಿಗಳ ಮಸೂದೆಗೆ ಇದೇ ಪರಿಷತ್ತು ಅಡ್ಡಗಾಲು ಹಾಕಿತು. ಅಲ್ಲಿ ಬಹುಮತ ತೆಲುಗುದೇಶಂನದು. ಬಡ ರಾಜ್ಯಕ್ಕೆ ಇದು ದುಂದುವೆಚ್ಚ ಎಂದು ಮಗನಿಗೆ ಥಟ್ಟನೆ ಹೊಳೆಯಿತು. ಅಪ್ಪ ಎಬ್ಬಿಸಿದ ಮನೆಯನ್ನು ಕೆಡವಲು ವಿಧಾನಸಭೆ 133–0 ಮತಗಳಿಂದ ನಿರ್ಣಯ ಮಾಡಿತು. ಪರಿಷತ್ತು ಉಳಿಯಲಿ ಎಂದು ಎದೆಯೊಡ್ಡಿದವರು ಯಾರು? ಅದನ್ನು ಮುಚ್ಚಿಸಿದ್ದ ಎನ್‌ಟಿಆರ್ ಅವರದೇ ಪಕ್ಷ! ಇಂಥ ನಿರ್ಣಯಕ್ಕೆ ಸಂಸತ್ತಿನ ಮುದ್ರೆ ಬೀಳಬೇಕು, ದಿಲ್ಲಿ ನಿಧಾನಿಸಿತು. 2021ರ ನವೆಂಬರಿನ ಹೊತ್ತಿಗೆ ಪರಿಷತ್ತಿನಲ್ಲಿ ಜಗನ್ ಪಕ್ಷದ್ದೇ ಕೈಮೇಲಾಯಿತು, ನಿರ್ಣಯ ವಾಪಸ್ಸಾಯಿತು. ದುಂದುವೆಚ್ಚದ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಬೇರೆ ವಸಾಹತುಗಳವರು ಈ ವಿಷಯದಲ್ಲಿ ನಮಗಿಂತ ಖಡಕ್ಕು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ 1917ರಲ್ಲಿ ಜನಮತ ಕೇಳಿದರು. ಮೇಲ್ಮನೆ ಇರಲಿ ಎಂದರು ಜನ. ಜನರ ಮಾತಿಗೆ ತಲೆಬಾಗಿದ ಲೇಬರ್ ಸರ್ಕಾರ ಒಳಗೆ ತನ್ನವರನ್ನೇ ತುಂಬಿಸಿ 1922ರಲ್ಲಿ ಸದನವನ್ನೇ ಮುಗಿಸಿತು. ನ್ಯೂಜಿಲೆಂಡಿನ ಪ್ರಧಾನಿ ಸಿಡ್ನಿ ಹಾಲೆಂಡ್ 1950ರಲ್ಲಿ ಇದಕ್ಕೆಂದೇ 25 ಮಂದಿಯನ್ನು ನೇಮಿಸಿದರು. ‘ಆತ್ಮಾಹುತಿ ದಳ’ ಎಂದೇ ಅವರಿಗೆ ಹೆಸರು ಬಿತ್ತು. ಕೊಟ್ಟ ಮಾತಿನಂತೆ ತಮ್ಮ ಕುರ್ಚಿಯ ವಿರುದ್ಧ ತಾವೇ ಮತ ಹಾಕಿ ಮನೆಗೆ ಹೋದರು. ಇದೇ ಕರಾರಿನ ಮೇಲೆ ನಮ್ಮಲ್ಲಿ 25 ಮಂದಿಯನ್ನು ನೇಮಿಸಿ ನೋಡಿ. ಪ್ರಮಾಣವಚನ ಮುಗಿಯುವುದೇ ತಡ, ಮೈಸೂರು ಅರಸರು 1907ರಲ್ಲೇ ಸ್ಥಾಪಿಸಿದ ಸದನದ ಘನತೆಯ ಬಗ್ಗೆ ಇಪ್ಪತ್ತೈದೂ ಗಂಟಲು ಗದ್ಗದವಾಗುತ್ತವೆ.

ಕೆನಡಾದ್ದು ಇನ್ನೊಂದು ತಮಾಷೆ. ಅಲ್ಲಿ ಸೆನೆಟರ್ ಆಗುವವರ ಹೆಸರಲ್ಲಿ ನಾಲ್ಕು ಸಾವಿರ ಡಾಲರಿನ ಸ್ಥಿರಾಸ್ತಿ ಇರಬೇಕೆಂಬುದು 1867ರ ನಿಯಮ. 1997ರಲ್ಲಿ ಪೆಗ್ಗಿ ಬಟ್ಸ್ ಎಂಬ ಕ್ರೈಸ್ತ ಸನ್ಯಾಸಿನಿಯನ್ನು ಆರಿಸಿದರೆ ಆಕೆಗೋ ಬಡತನವೇ ವ್ರತ! ಕೊನೆಗೆ ಅವರ ಮಠವೇ ಒಂದು ತುಂಡು ಜಮೀನನ್ನು ಆಕೆಯ ಹೆಸರಿಗೆ ಮಾಡಿಕೊಡಬೇಕಾಯಿತು. ನಮ್ಮ ಕಡೆ ಅಭ್ಯರ್ಥಿಗಳಿಗೆ ಈ ಕಷ್ಟ ಬಂದ ವರದಿಯಿಲ್ಲ.

ನಮ್ಮದು ಚಿಂತಕರ ಚಾವಡಿ. 75 ಕುರ್ಚಿ, ಅದರಲ್ಲಿ 11 ನಾಮನಿರ್ದೇಶನಕ್ಕೆ—ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆ ಬಲ್ಲವರಿಗೆ ಎನ್ನುತ್ತದೆ ಸಂವಿಧಾನ. ಮೊದಲ ನಾಲ್ಕಕ್ಕೆ ಏನಾದರೂ ಪುರಾವೆ ತೋರಿಸಬೇಕು, ಐದನೆಯದಕ್ಕೆ ಪಕ್ಷದ ಅಧ್ಯಕ್ಷರ ಫೋನ್ ನಂಬರ್ ಸಾಕು. ಕೆಳಮನೆ ಪಟ್ಟು ಹಿಡಿದರೆ ಈ ಚಾವಡಿ ಒಂದು ಮಸೂದೆಯನ್ನು ಅಬ್ಬಬ್ಬಾ ಎಂದರೆ ನಾಲ್ಕು ತಿಂಗಳು ತಡೆದೀತು, ಹಣಕಾಸು ಮಸೂದೆಯಾದರೆ ಹದಿನಾಲ್ಕೇ ದಿನ. ಅಷ್ಟರಲ್ಲಿ ಚಿಂತನೆ ಮುಗಿಸಬೇಕು.

ಹಾಗೆಂದು ಪರಿಷತ್ತಿನಿಂದ ಉಪಯೋಗವೇ ಇಲ್ಲ ಎನ್ನಲಾಗದು. ವಿಧಾನಸಭೆ ಟಿಕೆಟ್ ತಪ್ಪಿದವರ ಮನೆಗೆ ಪಕ್ಷದ ಹಿರಿಯರು ಹೋಗಿ, ಬಂಡಾಯದ ಮುಖ ನೋಡಿ, ಕೊಟ್ಟ ಕಾಫಿ ಆರುವ ಮೊದಲೇ ಹೇಳುತ್ತಾರೆ: “ಅಯ್ಯೋ, ಪರಿಷತ್ತು ಇದೆಯಲ್ಲ ಗೌಡ್ರೇ, ನಾನಿದ್ದೀನಿ!” ಈ ಮಾತು ಸಿಕ್ಕವರೆಲ್ಲ ಒಂದೇ ದಿನ ಬಂದು ಕೂತರೆ, ವಿಧಾನಸೌಧದ ಮೆಟ್ಟಿಲ ಮೇಲೂ ಜಮಖಾನ ಹಾಸಬೇಕಾದೀತು.