ಗೃಹಜೀರ್ಣೋದ್ಧಾರ ವಿಮಾ ಮೀಮಾಂಸೆ

ಶಾಸ್ತ್ರಕ್ಕೆ ಕೈಹಾಕುವ ಮುನ್ನ ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ಅಧಿಕಾರಿ ಯಾರೆಂದರೆ, ಮೂವತ್ತು-ನಲವತ್ತರ ಸೈಟಿನಲ್ಲಿ ಹಳೇ ಮನೆಯುಳ್ಳವನೂ, ಮಗನ ಮದುವೆ ಗೊತ್ತಾದವನೂ, ಬೀಗರು ಬರುವಷ್ಟರಲ್ಲಿ ಮಹಡಿ ಮೇಲೊಂದು ರೂಮು ಎತ್ತಿಸಿ ಅಡುಗೆಮನೆಯನ್ನು ಆಗ್ನೇಯಕ್ಕೆ ತರಬೇಕೆಂದು ನಿಶ್ಚಯಿಸಿದವನೂ ಆದ ಗೃಹಸ್ಥ. ವಿಷಯ, ಮನೆ ವಿಮೆ. ಪ್ರಯೋಜನ, ಕ್ಲೇಮು. ಸಂಬಂಧ, ಪಾಲಿಸಿಗೂ ಮನೆಗೂ ಇರುವಂಥದ್ದು. ಗೋಡೆ ಒಡೆದ ಮೇಲೂ ಅದು ಉಳಿದೀತೇ ಎಂಬುದೇ ಸಂಶಯ.

ಪೂರ್ವಪಕ್ಷಿ ಹೇಳುತ್ತಾನೆ: ರಿಪೇರಿಗೆ ಬೇಕಾದ್ದು ವಾಸ್ತು, ಮುಹೂರ್ತ ಮತ್ತು ಮೇಸ್ತ್ರಿ. ವಿಮೆಯೆಂಬುದು ಬ್ಯಾಂಕಿನವರು ಸಾಲದ ಜೊತೆ ಮಾಡಿಸಿದ ಕಾಗದ. ಅದು ಬೀರುವಿನಲ್ಲಿದ್ದರೆ ಮನೆ ತಾನಾಗಿ ಸುರಕ್ಷಿತ. ಈ ಮತಕ್ಕೆ ಗ್ರಂಥಾಧಾರವಿಲ್ಲ, ಆದರೆ ಅನುಯಾಯಿಗಳಿಗೆ ಕೊರತೆಯೂ ಇಲ್ಲ. ಆದ್ದರಿಂದ ಖಂಡನೆ ಅಗತ್ಯ.

ಪ್ರಥಮಾಧಿಕರಣ: ಒಡೆದು ಕಟ್ಟಿದ ಮನೆ ಅದೇ ಮನೆಯೋ, ಬೇರೆ ಮನೆಯೋ? ಅಂದು ಕಾಶಿಯಲ್ಲಿ ಕಂಡ ದೇವದತ್ತನೇ ಇಂದು ಇಲ್ಲಿರುವ ದೇವದತ್ತ ಎಂಬಂತೆ, ಟೈಲ್ಸು ಬದಲಾದರೂ ಮನೆ ಒಂದೇ ಎನ್ನುತ್ತಾನೆ ಅದ್ವೈತಿ. ಕ್ಷಣಿಕವಾದಿಯ ಪ್ರಕಾರ ಬೆಳಗ್ಗಿನ ಮನೆಯೇ ಸಂಜೆಗಿಲ್ಲ. ಕೆಲಸದವರು ಬಂದ ಮೊದಲ ದಿನ ಮನೆ ನೋಡಿದವರಿಗೆ ಈ ವಾದವೇ ಹೆಚ್ಚು ಒಪ್ಪುತ್ತದೆ. ವಿಮಾ ಕಂಪನಿ ಮಾತ್ರ ಭೇದಾಭೇದವಾದಿ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪ ಪಾಲಿಸಿಯ ಸಿದ್ಧಾಂತ ಹೀಗಿದೆ: ಕಾರ್ಪೆಟ್ ಏರಿಯಾ 10 ಪರ್ಸೆಂಟಿಗಿಂತ ಹೆಚ್ಚು ಬೆಳೆಯದಿದ್ದರೆ ಅಭೇದ, ಬೆಳೆದರೆ ಭೇದ. ಹಾಗೆ ಬೆಳೆದ ಭಾಗವನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟಿನಲ್ಲಿ ಸೇರಿಸದಿದ್ದರೆ ಅದಕ್ಕೆ ರಕ್ಷೆಯಿಲ್ಲ. ನಮ್ಮ ಗೃಹಸ್ಥನ ಮನೆ 900 ಚದರಡಿ ಎಂದಿಟ್ಟುಕೊಳ್ಳಿ. ಮೇಲೆ ಹತ್ತು-ಹನ್ನೆರಡರ ರೂಮು ಎದ್ದರೆ 120 ಚದರಡಿ. ಮಿತಿ 90. ನವದಂಪತಿಗಳು ಮಲಗುವುದು ಸಿದ್ಧಾಂತದ ಆಚೆಗೆ.

ಅಂದಹಾಗೆ, ಒಲೆ ಆಗ್ನೇಯದಲ್ಲಿದೆಯೋ ವಾಯವ್ಯದಲ್ಲಿದೆಯೋ ಎಂದು ಪಾಲಿಸಿ ಎಲ್ಲಿಯೂ ಕೇಳುವುದಿಲ್ಲ. ಯಾವ ದಿಕ್ಕಿನಲ್ಲಿ ಹತ್ತಿದರೂ ಬೆಂಕಿಗೆ ಒಂದೇ ನಿಯಮ.

ದ್ವಿತೀಯಾಧಿಕರಣ ಮೌಲ್ಯದ್ದು. ಸೈಟಿನ ಬೆಲೆ ಕೋಟಿಯಾದರೂ ವಿಮೆಗೆ ಅದು ಶೂನ್ಯ, ಏಕೆಂದರೆ ನೆಲ ಸುಡುವುದಿಲ್ಲ. ಕಾರ್ಪೆಟ್ ಏರಿಯಾವನ್ನು ಚದರಡಿಯ ನಿರ್ಮಾಣ ವೆಚ್ಚದಿಂದ ಗುಣಿಸಬೇಕು, ಅಷ್ಟೆ. ಚದರಡಿಗೆ 2,000 ರೂಪಾಯಿ ಹಿಡಿದರೆ ನಮ್ಮವನ ಮನೆ 18 ಲಕ್ಷ. ಒಳಗಿನ ಸಾಮಾನಿಗೆ ಅದರ 20 ಪರ್ಸೆಂಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿ ಸಿಗುತ್ತದೆ. ಇವನಿಗೆ 3 ಲಕ್ಷದ 60 ಸಾವಿರ. ಈಗ ಇಟಾಲಿಯನ್ ಮಾರ್ಬಲ್ಲು, ಮಾಡ್ಯುಲರ್ ಕಿಚನ್ನು, ಫಾಲ್ಸ್ ಸೀಲಿಂಗು ಬಂದವು. ಏರಿಯಾ ಒಂದಿಂಚೂ ಹೆಚ್ಚಲಿಲ್ಲ, ಖರ್ಚು ಮಾತ್ರ ಮಾಳಿಗೆ ದಾಟಿತು. ಕಮ್ಮಿ ಮೊತ್ತಕ್ಕೆ ವಿಮೆ ಮಾಡಿಸಿದ್ದೀರೆಂದು ಈ ಪಾಲಿಸಿ ಕ್ಲೇಮನ್ನು ಕತ್ತರಿಸುವುದಿಲ್ಲ, ನಿಜ. ಆದರೆ ಬರೆಸಿದ ಮೊತ್ತದ ಮೇಲೆ ಬಿಡಿಗಾಸೂ ಕೊಡುವುದಿಲ್ಲ. ಮೊತ್ತವನ್ನು ಏರಿಸಿಕೊಳ್ಳುವ ಹೊಣೆ ಮಾರ್ಬಲ್ ಹಾಕಿಸಿದವನದು.

ಪ್ರಮಾಣ ವಿಚಾರ ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ಮೇಸ್ತ್ರಿಯ ಮಾತು ಶಬ್ದಪ್ರಮಾಣ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿ, “ಇದು ತೂಕ ಹೊತ್ತಿಲ್ಲ ಸಾರ್, ತೆಗೆದ್ರೆ ಏನೂ ಆಗಲ್ಲ” ಎನ್ನುತ್ತಾನೆ. ಗೋಡೆ ಹೋಗುತ್ತದೆ. ಮೂರನೇ ವಾರ ಲಿಂಟಲ್ಲಿನ ಮೂಲೆಯಿಂದ ಬಿರುಕೊಂದು ಓರೆಯಾಗಿ ಸೂರಿನತ್ತ ಹೊರಡುತ್ತದೆ. ನೆಲ ಕುಸಿತಕ್ಕೆ ರಕ್ಷೆ ಕೊಡುವ ಪಾಲಿಸಿಯೇ, ಕಾರಣ ಒಡೆಯುವ, ಕಟ್ಟುವ, ಅಗೆಯುವ ಕೆಲಸವಾಗಿದ್ದರೆ ಅಥವಾ ಕಳಪೆ ಕಾಮಗಾರಿಯಾಗಿದ್ದರೆ ಕೈ ತೊಳೆದುಕೊಳ್ಳುತ್ತದೆ. ಮೇಸ್ತ್ರಿಯ ಆಪ್ತವಾಕ್ಯಕ್ಕೆ ಅಲ್ಲಿ ಬೆಲೆಯಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಹಾಳೆಗೆ ಇದ್ದೀತು.

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನೈಯಾಯಿಕರಿಗೆ ಸಾಕಾಗಿತ್ತು. ಸರ್ವೇಯರಿಗೆ ಸಾಲದು. ಮಸಿ ಹಿಡಿದ ಗೋಡೆಯ ಮುಂದೆ ನಿಂತೂ ಅವನು ಅಗ್ನಿಶಾಮಕ ದಳದ ವರದಿ, ಜಿಎಸ್‌ಟಿ ಬಿಲ್ಲು, ಮೊದಲಿನ ಫೋಟೋ ಕೇಳುತ್ತಾನೆ. ಬಿಲ್ ಬೇಡವೆಂದು ಅಂಗಡಿಯಲ್ಲಿ ಉಳಿಸಿದ ತೆರಿಗೆ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಚೋರಾಧಿಕರಣ ಚಿಕ್ಕದು, ಆದರೆ ಸ್ವಾರಸ್ಯವುಳ್ಳದ್ದು. ಮೂಲ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಸಿಗಬೇಕಾದರೆ ಮೊದಲು ಭೂಕಂಪವೋ, ಬೆಂಕಿಯೋ, ಪ್ರವಾಹವೋ ಆಗಿರಬೇಕು. ಅದಾದ 7 ದಿನಗಳೊಳಗೆ ಕಳ್ಳ ಬರಬೇಕು. ಸಾವಧಾನಿಯಾದ ಕಳ್ಳ ಎಂಟನೇ ದಿನ ಬಂದರೆ ಗೃಹಸ್ಥನ ಪುಣ್ಯ ಅಷ್ಟೇ. ಬಾಗಿಲು ಕಿತ್ತಿಟ್ಟ ಮನೆಯಿಂದ ಹೊಸ ನಲ್ಲಿಗಳು, ವೈರಿನ ಸುರುಳಿಗಳು ರಾತ್ರೋರಾತ್ರಿ ನಡೆದು ಹೋದರೆ ಅದಕ್ಕೆ ಬರ್ಗ್ಲರಿ ಪಾಲಿಸಿಯೇ ಬೇರೆ. ಸಾರವೆಯಿಂದ ಇಟ್ಟಿಗೆ ಜಾರಿ ಪಕ್ಕದವರ ಕಾರಿನ ಗಾಜು ಒಡೆದರೆ, ಗಾರೆಯವನು ಬಿದ್ದು ಕಾಲು ಮುರಿದುಕೊಂಡರೆ, ಮನೆ ಪಾಲಿಸಿ ಅತ್ತ ತಿರುಗಿಯೂ ನೋಡುವುದಿಲ್ಲ. ಮೊದಲನೆಯದಕ್ಕೆ ಥರ್ಡ್ ಪಾರ್ಟಿ ಹೊಣೆ ಸೇರಿಸಿದ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್, ಎರಡನೆಯದಕ್ಕೆ ಕಾರ್ಮಿಕರ ಪರಿಹಾರದ ವಿಮೆ. ಇವನ್ನು ಗುತ್ತಿಗೆದಾರನೇ ಮಾಡಿಸಿದ್ದಾನೆಂದು ನಂಬುವುದು ಭಕ್ತಿಮಾರ್ಗ. ಪ್ರತಿ ಕೇಳಿ ಇಸಿದುಕೊಳ್ಳುವುದು ಜ್ಞಾನಮಾರ್ಗ.

ಅನ್ಯಾಯವಾಗಿ ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರಬೇಕು. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ, ಶುಲ್ಕವಿಲ್ಲ. ಆದರೆ ತಿಳಿಸದೇ ಕಟ್ಟಿದ ರೂಮಿನ ಪರವಾಗಿ ಅಲ್ಲಿ ಯಾವ ಭಾಷ್ಯವೂ ನಿಲ್ಲುವುದು ಕಷ್ಟ. ಆದಕಾರಣ ಗೃಹಸ್ಥರಲ್ಲಿ ವಿನಂತಿ: ಮುಹೂರ್ತಕ್ಕಾಗಿ ಪುರೋಹಿತರಿಗೆ ಫೋನು ಮಾಡಿದ ದಿನವೇ ವಿಮಾ ಕಂಪನಿಗೂ ನಕ್ಷೆ, ಅಂದಾಜು ಪಟ್ಟಿ ಸಹಿತ ಒಂದು ಇಮೇಲ್ ಹಾಕಿ. ಎಂಡಾರ್ಸ್‌ಮೆಂಟ್ ಕೈಗೆ ಬಂದ ಮೇಲೆ ಗೋಡೆ ಮುಟ್ಟಿ.