ಗೊಂಕರಸರಿಗೆ, ಗೋಡೆಯ ಮೇಲಿನ ಪುಸ್ತಕಗಳ ಸಲುವಾಗಿ

ಮಂಡಳಿಕ ಗೊಂಕರಸರಿಗೆ ತೇರದಾಳದ ಓದುಗನೊಬ್ಬನ ಶರಣು.

ನೀವು 1123ರ ಸುಮಾರಿಗೆ ನಮ್ಮೂರಲ್ಲಿ ನೇಮಿನಾಥ ಬಸದಿ ಕಟ್ಟಿಸಿ, ದತ್ತಿಯ ವಿವರವನ್ನೆಲ್ಲ ಕಲ್ಲಿನಲ್ಲಿ ಕೊರೆಸಿದಿರಲ್ಲ, ಅದನ್ನು ಇವತ್ತಿಗೂ ಓದಲು ಬರುತ್ತದೆ. ಇಷ್ಟು ಬಾಳಿಕೆಯ ಕೆಲಸ ಮಾಡಿ ನಮ್ಮನ್ನು ಪೇಚಿಗೆ ಸಿಕ್ಕಿಸಿದಿರಿ. ನಮ್ಮ ಕಾಲದ ಪದ್ಧತಿ ಬೇರೆ: ಮೊದಲು ಕೆಡವುವುದು, ಆಮೇಲೆ ನೆನೆಯುವುದು.

ಈ ವಿದ್ಯೆಯಲ್ಲಿ ಗುರುಗಳೆಂದರೆ ಅಮೆರಿಕದ ಸಿನ್ಸಿನಾಟಿಯವರು. 1874ರ ಅವರ ಗ್ರಂಥಾಲಯ ಅಂತಿಂಥದ್ದಲ್ಲ. ಮೇಲೆ ಗಾಜಿನ ಸೂರು, ಕೆಳಗೆ ಚದುರಂಗದ ಹಾಸಿನಂಥ ನೆಲ, ಸುತ್ತಲೂ ಐದಂತಸ್ತಿನ ಎರಕದ ಕಬ್ಬಿಣದ ಕಪಾಟು. ಹೊಸದೊಂದು ಕಟ್ಟಿಕೊಂಡು, 1955ರಲ್ಲಿ ಹಳೆಯದನ್ನು ನೆಲಸಮ ಮಾಡಿದರು. ಆ ಜಾಗದಲ್ಲಿ ಈಗ ಕಾರು ನಿಲ್ಲುತ್ತವೆ. ಬಾಗಿಲ ಮೇಲಿದ್ದ ಷೇಕ್ಸ್‌ಪಿಯರ್, ಮಿಲ್ಟನ್, ಫ್ರಾಂಕ್ಲಿನ್ ಅವರ ಕಲ್ಲಿನ ತಲೆಗಳನ್ನಷ್ಟೇ ಉಳಿಸಿ ಹೊಸ ಗ್ರಂಥಾಲಯದ ತೋಟದಲ್ಲಿಟ್ಟರು. ಮಿಲ್ಟನ್‌ಗೆ ಕಣ್ಣಿರಲಿಲ್ಲ, ಬಚಾವಾದ.

ಕಾನ್ಸಾಸ್ ಸಿಟಿಯವರು ಇನ್ನೂ ಜಾಣರು. 2004ರಲ್ಲಿ ಕಾರು ನಿಲ್ಲಿಸುವ ಕಟ್ಟಡದ ಗೋಡೆಗೇ ಸುಮಾರು 25 ಅಡಿ ಎತ್ತರದ ಪುಸ್ತಕದ ಬೆನ್ನುಗಳನ್ನು ಸಾಲಾಗಿ ನಿಲ್ಲಿಸಿದರು. ಆದರೆ ಪಕ್ಕದಲ್ಲೇ ನಿಜವಾದ ಗ್ರಂಥಾಲಯವನ್ನೂ ನಡೆಸುತ್ತಾರೆ. ಎಂಥ ದುಂದು ನೋಡಿ! ಸೆಲ್ಫಿಗೆ ಬೆನ್ನು ಸಾಕು, ಪುಟ ಯಾಕೆ ಬೇಕು? ನಮ್ಮ ಕಡೆ ಗೋಡೆಗೆ ಪುಸ್ತಕ ಬಳಿದು ಕೈತೊಳೆಯುವ ಹಿಕಮತ್ತು ಎಲ್ಲರಿಗೂ ಗೊತ್ತು.

ದತ್ತಿಯ ಮಾತಿಗೆ ಬರುತ್ತೇನೆ. ನಮ್ಮಲ್ಲೂ ದತ್ತಿ ಉಂಟು, ಅರಸರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ. ಜನ ತಪ್ಪದೆ ತುಂಬುತ್ತಾರೆ. ರೊಕ್ಕ ಮಾತ್ರ ಎಷ್ಟೋ ಊರುಗಳಲ್ಲಿ ವಸೂಲಿ ಮಾಡಿದ ಕಚೇರಿಯಿಂದ ಗ್ರಂಥಾಲಯದ ತನಕ ನಡೆಯಲಾರದೆ, ವರ್ಷಗಟ್ಟಲೆ ‘ಬಾಕಿ’ ಎಂಬ ಹೆಸರಲ್ಲಿ ವಿಶ್ರಾಂತಿ ಪಡೆಯುತ್ತದೆ. ಪುಸ್ತಕ ಕೊಳ್ಳದೆ, ಸೂರು ರಿಪೇರಿ ಮಾಡದೆ ಬಿಟ್ಟರೆ ಕಟ್ಟಡ ತಾನಾಗಿಯೇ ಶಿಥಿಲವಾಗುತ್ತದೆ. ಶಿಥಿಲವಾದದ್ದನ್ನು ಕೆಡವಲು ಯಾರ ತಕರಾರೂ ಇರುವುದಿಲ್ಲ. ಬುಲ್ಡೋಜರ್ ಬರುವುದು ಕೊನೆಗೆ. ಕೆಲಸ ಮುಗಿಸಿರುವುದು ಫೈಲು.

ದತ್ತಿಯನ್ನು ಅಪಹರಿಸಿದವರು 60,000 ವರ್ಷ ಅಮೇಧ್ಯದ ಹುಳವಾಗಿ ಹುಟ್ಟುತ್ತಾರೆಂದು ಹಳೆಯ ಶಾಸನಗಳು ಹೆದರಿಸುತ್ತಿದ್ದವು. ಈಗ ಯಾರೂ ಹೆದರುವುದಿಲ್ಲ. ಪುಸ್ತಕದ ಹುಳವಾಗಿ ಹುಟ್ಟಲಿ ಎಂದು ಶಪಿಸೋಣವೆಂದರೆ, ತಿನ್ನಲು ಪುಸ್ತಕವಾದರೂ ಇರಬೇಡವೆ?

ನಿಮಗಿಲ್ಲಿ ಓಟಿಲ್ಲ. ಆದ್ದರಿಂದ ಉಳಿದ ಮಾತು ಓಟಿದ್ದವರಿಗೆ: ಈ ಸಲ ಮನೆಯ ತೆರಿಗೆ ತುಂಬುವಾಗ ಚಲನ್‌ನಲ್ಲಿ ಗ್ರಂಥಾಲಯ ಕರದ ಸಾಲು ಹುಡುಕಿರಿ. ಆ ರೊಕ್ಕ ಎಲ್ಲಿಗೆ ಹೋಯಿತೆಂದು ಕೌಂಟರಿನಲ್ಲೇ ಕೇಳಿರಿ. ಗೋಡೆಗೆ ಬಣ್ಣ ಬಳಿಯುವುದು ಆಮೇಲಾಗಲಿ.

ಇಂತಿ,
ತೇರದಾಳದ ಒಬ್ಬ ತೆರಿಗೆದಾರ