ಘಟ್ಟಪ್ರಮಾಣ ಮೀಮಾಂಸೆ

ಫ್ರಾನ್ಸಿನಲ್ಲಿ 1972ರಿಂದ ಸೈಕಲ್ ಸವಾರರದೊಂದು ಸಂಘವಿದೆ. ನೂರು ಕಣಿವೆದಾರಿಗಳನ್ನು ಸೈಕಲ್ಲಿನಲ್ಲಿ ದಾಟಿದವರಿಗೆ ಮಾತ್ರ ಅಲ್ಲಿ ಸದಸ್ಯತ್ವ. ಅವುಗಳಲ್ಲಿ ಐದಾದರೂ 2000 ಮೀಟರಿಗಿಂತ ಎತ್ತರದಲ್ಲಿರಬೇಕು. ಈ ನಿಯಮವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ತಂದರೆ ಶಾಸ್ತ್ರವೇ ಕಂಗಾಲು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್. ಇಡೀ ರಾಜ್ಯವನ್ನು ಮೂಲೆ ಬಿಡದೆ ತುಳಿದರೂ, ಗಡಿ ದಾಟದ ಕನ್ನಡಿಗ ಆ ಸಂಘದ ಹೊಸ್ತಿಲು ಮೆಟ್ಟಲಾರ. ಆದ್ದರಿಂದ ಸಂಘವೇ ಅಪ್ರಮಾಣವೆಂದು ತೀರ್ಮಾನಿಸಿ ಪ್ರಸ್ತುತ ಪ್ರಬಂಧ ಮುಂದುವರಿಯುತ್ತದೆ.

ಮೊದಲು ಲಕ್ಷಣ ವಿಚಾರ. ಲೋಕದಲ್ಲಿ ಕಣಿವೆದಾರಿ ಎಂದರೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವುದು. ಇಟಲಿಯ ಸ್ಟೆಲ್ವಿಯೋದಲ್ಲಿ 2757 ಮೀಟರ್ ತನಕ ಏದುಸಿರು ಬಿಟ್ಟವನಿಗೆ ಆಚೆ ಬದಿಯಲ್ಲಿ ಪೆಡಲು ತುಳಿಯದೆ ಜಾರುವ ಪುಣ್ಯವುಂಟು. ಸಹ್ಯಾದ್ರಿಗೆ ಬಂದರೆ ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷ. ಸೋಮೇಶ್ವರದಿಂದ 14 ತಿರುವು ಹತ್ತಿ, ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ಬಂದವನು ಇಳಿಜಾರು ಹುಡುಕಿದರೆ ಸಿಗುವುದು ಚಹಾದಂಗಡಿ. ಶೃಂಗೇರಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕೊಪ್ಪಕ್ಕೆ ಹೋಗುವುದಾದರೆ ಇನ್ನೂ ನೂರು ಮೀಟರಿನಷ್ಟು ಮೇಲೆ ಹೋಗಬೇಕು. ಹಾಗೆಂದು ಇಳಿಜಾರೇ ಇಲ್ಲವೆಂದಲ್ಲ. ತುಂಗೆಯ ನೀರು ಇಳಿಯುತ್ತಲೇ ಇದೆ: ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹಂಪಿ ದಾಟಿ, ಕೃಷ್ಣೆಗೆ ಸೇರಿ, ಆಂಧ್ರದ ಹಂಸಲದೀವಿಯಲ್ಲಿ ಸಮುದ್ರ ಕಾಣುತ್ತದೆ. ಘಾಟಿ ಹತ್ತಿದ ಸೈಕಲ್ಲಿನವನಿಗೆ ಸಲ್ಲಬೇಕಾದ ಇಳಿಜಾರಿನ ಬಾಕಿ ಅಲ್ಲಿಯ ತನಕ ಕಂತುಕಂತಾಗಿ ಪಾವತಿಯಾಗುತ್ತದೆ.

ಇಂಥ ಘಟ್ಟವನ್ನು ತಿಳಿಯುವುದು ಹೇಗೆ? ಹೊರಗಿನ ಪಂಡಿತರನ್ನು ಕೇಳಬೇಕಾಗಿಲ್ಲ. ಶೃಂಗೇರಿಯಲ್ಲಿ ಅದ್ವೈತ ಪೀಠವೇ ಇದೆ. ಅದ್ವೈತಿಗಳು ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಕಾಲು, ಸೈಕಲ್ಲು, ಕಾರುಗಳನ್ನು ಅವಕ್ಕೆ ಹೊಂದಿಸುವುದಷ್ಟೇ ಉಳಿದ ಕೆಲಸ.

ಕಾಲ್ನಡಿಗೆ ಪ್ರತ್ಯಕ್ಷ ಪ್ರಮಾಣ ಎನ್ನುವುದರಲ್ಲಿ ತಕರಾರು ಇರಬಾರದಿತ್ತು. ಆದರೆ ಇಂಬಳ ಇದೆ. ಕಿಗ್ಗದ ಕಡೆಯಿಂದ ಮಳೆಗಾಲದಲ್ಲಿ ನರಸಿಂಹ ಪರ್ವತ ಹತ್ತುವವನ ಕಾಲಿಗೆ ಅದು ಹತ್ತುವುದು, ಕಚ್ಚುವುದು, ಹೀರುವುದು, ಹೊಟ್ಟೆ ತುಂಬಿ ಉದುರುವುದು ಯಾವುದೂ ಅವನ ಇಂದ್ರಿಯಗಳಿಗೆ ವರದಿಯಾಗದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥ ಅದರ ಎಂಜಲಿನಲ್ಲಿರುವುದರಿಂದ ಇಂಬಳ ಹೋದ ಮೇಲೂ ರಕ್ತ ಸೋರುತ್ತಿರುತ್ತದೆ; ಕಾಲುಚೀಲ ಕೆಂಪಾದ ಮೇಲಷ್ಟೇ ಜ್ಞಾನೋದಯ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡವರು ಸ್ವಲ್ಪ ಹೊತ್ತು ಅಜ್ಞಾನದಲ್ಲೇ ಸುಖವಾಗಿರಬಹುದು. ಮಳೆಯೇ ಬೇಡವೆನ್ನುವವರಿಗೆ ಕಿಗ್ಗದ ಋಷ್ಯಶೃಂಗನ ಸನ್ನಿಧಿಯಿದೆ: ಬರಗಾಲದಲ್ಲಿ ಮಳೆ ಬರಲೆಂದೂ, ಅತಿವೃಷ್ಟಿಯಲ್ಲಿ ಮಳೆ ನಿಲ್ಲಲೆಂದೂ ಪೂಜೆ ಸಲ್ಲುವುದು ಅಲ್ಲೇ. ಎರಡು ಅರ್ಜಿಗಳೂ ಒಂದೇ ದಿನ ಹೋದರೆ ಯಾವುದು ಮಂಜೂರಾಗುತ್ತದೆಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಸೈಕಲ್ಲು ಅನುಮಾನ ಪ್ರಮಾಣ. ತರ್ಕಶಾಸ್ತ್ರದ ಮೊದಲ ಪಾಠ ಎಲ್ಲರಿಗೂ ಗೊತ್ತು: ಪರ್ವತದಲ್ಲಿ ಹೊಗೆ ಕಾಣುತ್ತಿದೆ, ಆದ್ದರಿಂದ ಬೆಂಕಿಯಿದೆ. ಇದನ್ನು ಬರೆದ ಮಹಾನುಭಾವರು ಜುಲೈ ತಿಂಗಳಲ್ಲಿ ಆಗುಂಬೆಗೆ ಬಂದವರಲ್ಲ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಪರ್ವತದ ಮೇಲೆ ಹೊಗೆಯಂಥದ್ದು ಬೆಳಗಿನಿಂದ ಸಂಜೆಯ ತನಕ ಇರುತ್ತದೆ. ಬೆಂಕಿ ಮಾತ್ರ ಒದ್ದೆ ಸೌದೆಯ ಒಲೆಯಲ್ಲೂ ಹತ್ತದು. ಅನುಮಾನ ಇಲ್ಲಿ ಕೆಲಸ ಮಾಡುವುದು ಮೂಗಿನಿಂದ. ಕಮಟು ವಾಸನೆ ಬಂದರೆ ಮೇಲಿನ ತಿರುವಿನಲ್ಲಿ ಬಯಲುಸೀಮೆಯ ಕಾರೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುತ್ತಿದೆ ಎಂದು ಸೈಕಲ್ಲಿನವನು ಊಹಿಸಿ ಪಕ್ಕಕ್ಕೆ ಸರಿಯುತ್ತಾನೆ. ಈ ಸೀಮೆಗೆ ಸೈಕಲ್ಲು ಹೊಸದೇನಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯೊಬ್ಬನಿಗೆ ಸೈಕಲ್ಲು ಕೊಟ್ಟು ಮೇಗರವಳ್ಳಿಯ ಕಡೆ ಬಿಟ್ಟಿದ್ದಾರೆ. ಆ ಸವಾರಿಯನ್ನು ಊರೇ ನಿಂತು ನೋಡಿತು. ಈಗ ಹೆಲ್ಮೆಟ್ಟು, ಕನ್ನಡಕ, ಬಣ್ಣದ ಬಿಗಿಚಡ್ಡಿ ಹಾಕಿ ಬಂದವರನ್ನೂ ಊರು ನೋಡುತ್ತದೆ, ಕಾರಣ ಬೇರೆ.

ಭ್ರಮೆಯ ಮಾತಿಲ್ಲದೆ ಅದ್ವೈತವಿಲ್ಲ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಹೆದರಬೇಡ ಎಂಬ ಉಪದೇಶ ಕಾಶಿಯಲ್ಲಿ ಸರಿ. ಆಗುಂಬೆ ಕಾಳಿಂಗ ಸರ್ಪದ ನೆಲೆ. 2005ರಲ್ಲಿ ರೋಮುಲಸ್ ವಿಟೇಕರ್ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ತೆರೆದದ್ದು ಹಗ್ಗ ಎಣಿಸುವುದಕ್ಕಲ್ಲ. ಇಲ್ಲಿ ರಸ್ತೆಗೆ ಅಡ್ಡ ಬಿದ್ದದ್ದನ್ನು ಹಗ್ಗವೆಂದು ನಂಬಿದವನಿಗೇ ಅಪಾಯ. ಇದಕ್ಕಿಂತ ಗಟ್ಟಿಯಾದ ಭ್ರಮೆ ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆ ಹಾದು ಮಾಳದ ಕಡೆ ಇಳಿಯುವ ಹೆದ್ದಾರಿಯಲ್ಲಿದೆ. ಹೆಸರು ಎಸ್.ಕೆ. ಬಾರ್ಡರ್, ಅಂದರೆ ಸೌತ್ ಕೆನರಾ ಗಡಿ. ಮದ್ರಾಸಿಗೂ ಮೈಸೂರಿಗೂ ನಡುವಿನ ಆ ಗಡಿ 1956ರಲ್ಲೇ ಅಳಿಯಿತು. 1997ರಲ್ಲಿ ಉಡುಪಿ ಜಿಲ್ಲೆಯಾದ ಮೇಲೆ ಘಟ್ಟದ ಕೆಳಗಿನ ಕಾರ್ಕಳ ತಾಲ್ಲೂಕು ದಕ್ಷಿಣ ಕನ್ನಡದಲ್ಲೂ ಉಳಿಯಲಿಲ್ಲ. ಗಡಿ ಮಿಥ್ಯೆ, ಬೋರ್ಡು ಸತ್ಯ.

ಕಾರು ಶಬ್ದ ಪ್ರಮಾಣ. ಹಾರನ್ ಹೊಡೆದ ಹೊರತು ತಿರುವಿನಾಚೆ ಕಾರಿದೆಯೆಂದು ಯಾರೂ ಒಪ್ಪರು. ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬ ವಿಧಿವಾಕ್ಯವಿದ್ದರೂ, ಹೇರ್‌ಪಿನ್ ತಿರುವಿನಲ್ಲಿ ಮುಖಾಮುಖಿಯಾದ ಇಬ್ಬರು ಡ್ರೈವರುಗಳು ಅದಕ್ಕೆ ಎರಡು ಭಾಷ್ಯ ಬರೆಯುತ್ತಾರೆ.

ಉಪಮಾನಕ್ಕೆ ಹೆಚ್ಚು ಜಾಗ ಬೇಡ. ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತು ‘ಥೇಟ್ ಸ್ವಿಟ್ಜರ್ಲೆಂಡ್’ ಅನ್ನುವವರು ಎರಡನ್ನೂ ಸರಿಯಾಗಿ ನೋಡಿರುವುದಿಲ್ಲ.

ನರಸಿಂಹರಾಜಪುರದ ವಿದ್ವಾಂಸರು ಇಷ್ಟು ಹೊತ್ತಿಗೆ ಮುನಿದಿರಬೇಕು. ಅವರ ಪಾಲು ಅನುಪಲಬ್ಧಿ: ನೆಲದ ಮೇಲೆ ಘಟ ಕಾಣದಿದ್ದರೆ ಘಟವಿಲ್ಲವೆಂಬ ಜ್ಞಾನ. ಅವರ ಭೂತಲದಲ್ಲಿ ಘಟ್ಟವಿಲ್ಲ. ಎಡೇಹಳ್ಳಿ ಎಂಬ ಹಳೆಯ ಹೆಸರಿಲ್ಲ. ಮೈಸೂರಿನ ಯುವರಾಜರ ಹೆಸರು ಬಂತು. ತರೀಕೆರೆಯಿಂದ ಬರುತ್ತಿದ್ದ ಕಿರುಹಳಿಯ ರೈಲಿಲ್ಲ. ತಾಲ್ಲೂಕಿನ ತಗ್ಗುಗಳಲ್ಲಿದ್ದ ಎಷ್ಟೋ ಗದ್ದೆ, ಮನೆಗಳಿಲ್ಲ. ಲಕ್ಕವಳ್ಳಿಯಲ್ಲಿ ಕಟ್ಟಿದ ಅಣೆಕಟ್ಟಿಗೆ ಭದ್ರೆ ಹಿಂದಕ್ಕೆ ನಿಂತಿದ್ದಾಳೆ. ಆರನೆಯ ಪ್ರಮಾಣಕ್ಕೆ ಇಷ್ಟು ಸಂಪನ್ನವಾದ ಕ್ಷೇತ್ರ ಇನ್ನೊಂದಿಲ್ಲ.

ಉಳಿದದ್ದು ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಅರ್ಥ. ಆಗುಂಬೆ ಘಾಟಿಯ ಮಿನಿ ಬಸ್ಸಿನಲ್ಲಿ ಇರುವ ಸೀಟಿಗಿಂತ ಇಳಿದ ಜನ ಹೆಚ್ಚಾದರೆ ಉಳಿದವರು ಕಂಬಿ ಹಿಡಿದು ನಿಂತಿದ್ದರೆಂದೇ ಅರ್ಥ. ಕಾಲು, ಸೈಕಲ್ಲು, ಕಾರುಗಳ ಚರ್ಚೆಯಲ್ಲಿ ಪಂಡಿತರು ಮರೆಯುವ ವಾಹನ ಇದು. ಈ ತಾಲ್ಲೂಕುಗಳ ಜನ ಹತ್ತುವುದು ಮಾತ್ರ ಇದನ್ನೇ. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿ, ಬೇರೆ ಬಸ್ಸು ಕಾಣದ ಹಳ್ಳಿಗಳಿಗೂ ಬಸ್ಸು ಬಿಟ್ಟರು. 2020ರಲ್ಲಿ ಅದು ನಿಂತಾಗ ಈ ಸೀಮೆಯಲ್ಲಿ ಪ್ರತ್ಯಕ್ಷ ಪ್ರಮಾಣದ ಅಭ್ಯಾಸಿಗಳ ಸಂಖ್ಯೆ ಒಮ್ಮೆಗೇ ಏರಿತು.

ಘಾಟಿ ಇಳಿಯುವ ಬಸ್ಸಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೋಗುವವರು ಯಾವತ್ತೂ ಇರುತ್ತಾರೆ. ತೊಡೆಯ ಮೇಲೆ ಎಕ್ಸ್‌ರೇ ಕವರು, ಕೈಯಲ್ಲಿ ಮೂಸುವುದಕ್ಕೊಂದು ನಿಂಬೆಹಣ್ಣು. ಅರಬ್ಬಿ ಸಮುದ್ರದ ತನಕ ಬಿಚ್ಚಿಕೊಳ್ಳುವ ದೃಶ್ಯವನ್ನು ಪ್ರಮಾಣೀಕರಿಸಲೆಂದು ಸಂಶೋಧಕನೊಬ್ಬ ಎರಡನೇ ತಿರುವಿನಲ್ಲಿ ಕಿಟಕಿಯ ಗಾಜು ಸರಿಸಿದ. ಹಿಂದಿನ ಸೀಟಿನಿಂದ ಖಂಡನೆ ಬಂತು: “ಕಿಟ್ಕಿ ಹಾಕಿ ಮಾರಾಯ್ರೆ, ಇರ್ಚಲು ಹೊಡೀತದೆ.”